ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಇಂಜಿನಿಯರ್

ಊಟದ ಮಧ್ಯೆ ಬಾಯಿ ಒರೆಸಿಕೊಳ್ಳೋಕೆ ಒಂದು ಮಷಿನ್ ಬೇಕಾ? ರೂಬ್ ಗೋಲ್ಡ್‌ಬರ್ಗ್ ಡಿಸೈನ್ ಮಾಡಿಟ್ಟು ಹೋಗಿದ್ದಾನೆ. ನೀವು ಸೂಪಿನ ಚಮಚ ಎತ್ತಿದ ಕೂಡಲೇ ಅದಕ್ಕೆ ಕಟ್ಟಿದ ದಾರ ಒಂದು ಸೌಟನ್ನು ಜಗ್ಗುತ್ತದೆ. ಸೌಟು ಬಿಸ್ಕೆಟ್ಟನ್ನು ಗಿಳಿಯ ಮುಂದೆ ಹಾರಿಸುತ್ತದೆ. ಗಿಳಿ ಅದರ ಹಿಂದೆ ಜಿಗಿದಾಗ ಅದು ಕೂತಿದ್ದ ಕೋಲು ವಾಲಿ, ಕಾಳೆಲ್ಲ ಬಕೆಟ್ಟಿಗೆ ಸುರಿಯುತ್ತದೆ. ಆ ಭಾರಕ್ಕೆ ಹಗ್ಗ ಎಳೆದು ಸಿಗಾರ್ ಲೈಟರ್ ಹೊತ್ತಿಕೊಳ್ಳುತ್ತದೆ, ಲೈಟರಿನಿಂದ ರಾಕೆಟ್ ಹಾರುತ್ತದೆ, ರಾಕೆಟ್ ಹಾರಿದಾಗ ಕುಡುಗೋಲು ಇನ್ನೊಂದು ದಾರ ಕತ್ತರಿಸುತ್ತದೆ. ಆಗ ಲೋಲಕಕ್ಕೆ ಕಟ್ಟಿದ ಕರವಸ್ತ್ರ ಅತ್ತಿತ್ತ ತೂಗಿ ನಿಮ್ಮ ಗದ್ದ ಒರೆಸುತ್ತದೆ. ಕೆಲಸ ಮುಗೀತು!

ಇದನ್ನು ಬರೆದವನು ನಮ್ಮ ಜಾತಿಯವನೇ, ಅಂದರೆ ಡಿಗ್ರಿ ಪಡೆದ ಇಂಜಿನಿಯರ್. ಹುಟ್ಟಿದ್ದು 1883ರ ಜುಲೈ 4ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಹುಡುಗನಿಗೆ ಚಿತ್ರ ಬರೆಯೋ ಹುಚ್ಚು, ಅಪ್ಪನಿಗೆ ಮಗ ಇಂಜಿನಿಯರ್ ಆಗಲಿ ಅನ್ನೋ ಹಟ. ಮುಂದಿನದ್ದು ನಮಗೆ ಗೊತ್ತಿರೋ ಕತೆಯೇ. 1904ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಪಾಸಾಗಿ, ಊರಿನ ನೀರು ಮತ್ತು ಒಳಚರಂಡಿ ಇಲಾಖೆಗೆ ಸೇರಿದ. ಚರಂಡಿಯ ನಕ್ಷೆ ಬರೆದದ್ದು ಸುಮಾರು ಆರೇ ತಿಂಗಳು. ಆಮೇಲೆ ರಾಜೀನಾಮೆ ಕೊಟ್ಟು, ತುಂಬ ಕಡಿಮೆ ಸಂಬಳಕ್ಕೆ 'ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್' ಪತ್ರಿಕೆಯ ಕ್ರೀಡಾ ವಿಭಾಗದ ಬಾಗಿಲು ತಟ್ಟಿದ. ಸರ್ಕಾರಿ ನೌಕರಿ ಬಿಟ್ಟು ಕಾರ್ಟೂನು! ಮನೆಯಲ್ಲಿ ಏನು ನಡೆದಿರಬಹುದು ಅಂತ ಊಹಿಸೋಕೆ ನಮಗಂತೂ ಕಷ್ಟವಿಲ್ಲ.

ಆದರೆ ಕಲಿತದ್ದು ಅವನನ್ನು ಬಿಡಲಿಲ್ಲ. ಬರ್ಕ್ಲಿಯಲ್ಲಿ ಪ್ರೊಫೆಸರ್ ಫ್ರೆಡ್ರಿಕ್ ಸ್ಲೇಟ್ ಎನ್ನುವವರು ಭೂಮಿಯ ತೂಕ ಅಳೆಯಲು ಕೊಳವೆ, ಬೀಕರುಗಳನ್ನೆಲ್ಲ ಜೋಡಿಸಿದ ದೊಡ್ಡದೊಂದು ಉಪಕರಣವನ್ನು ವಿದ್ಯಾರ್ಥಿಗಳ ಮುಂದೆ ಇಟ್ಟಿದ್ದರು. ಅಷ್ಟೆಲ್ಲ ಸಲಕರಣೆ, ಅಷ್ಟೆಲ್ಲ ಗಂಭೀರ ಮುಖಗಳು! ಗೋಲ್ಡ್‌ಬರ್ಗ್‌ಗೆ ಅದು ಜನ್ಮವಿಡೀ ನೆನಪಿತ್ತು. 1907ರಲ್ಲಿ ನ್ಯೂಯಾರ್ಕಿಗೆ ಹೋಗಿ ಹೆಸರು, ಹಣ ಎರಡೂ ಮಾಡಿದ ಮೇಲೆ ಪ್ರೊಫೆಸರ್ ಲೂಸಿಫರ್ ಗೊರ್ಗೊನ್‌ಜೋಲಾ ಬಟ್ಸ್ ಎಂಬ ಪಾತ್ರ ಹುಟ್ಟಿಸಿದ. ಮೇಲಿನ ಕರವಸ್ತ್ರದಂಥ ಆವಿಷ್ಕಾರಗಳೆಲ್ಲ ಈ ಬಟ್ಸ್ ಮಹಾಶಯರವು.

ಈ ಚಿತ್ರಗಳಿಗೆ ನಗು ಬರೋದು ಗಿಳಿಯಿಂದ ಮಾತ್ರ ಅಲ್ಲ. ಒಂದೊಂದೇ ಹಂತ ತೆಗೆದು ನೋಡಿ: ಸನ್ನೆ, ರಾಟೆ, ಗುರುತ್ವ, ಎಲ್ಲ ಸರಿಯಾಗೇ ಇದೆ. ಫ್ರೀ ಬಾಡಿ ಡಯಾಗ್ರಂ ಹಾಕಿದರೂ ಲೆಕ್ಕ ಕೂಡುತ್ತೆ. ಒಟ್ಟಾರೆ ಮಾತ್ರ ಹುಚ್ಚು. ಮೆಕ್ಯಾನಿಕ್ಸ್ ಓದದವನಿಗೆ ಹೀಗೆ ಸುತ್ತಿ ಬಳಸೋಕೆ ಆಗಲ್ಲ ಅನ್ನೋದು ನಮ್ಮ ಅಭಿಪ್ರಾಯ. 1931ರಲ್ಲಿ ಮೆರಿಯಂ ವೆಬ್‌ಸ್ಟರ್ ನಿಘಂಟು ಅವನ ಹೆಸರನ್ನೇ ವಿಶೇಷಣವಾಗಿ ಸೇರಿಸಿಕೊಂಡಿತು. ಸುಲಭದ ಕೆಲಸವನ್ನು ಕೊಂಕಣ ಸುತ್ತಿ ಮಾಡುವುದು ಅಂತ ಅದರ ಅರ್ಥ.

ಬದುಕು ಬರೀ ತಮಾಷೆಯಾಗಿರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ರಾಜಕೀಯ ವ್ಯಂಗ್ಯಚಿತ್ರ ಬರೆದಾಗ ಈ ಯೆಹೂದಿ ಕಲಾವಿದನಿಗೆ ದ್ವೇಷದ ಪತ್ರಗಳು ರಾಶಿ ಬಿದ್ದವು. ಇಬ್ಬರು ಗಂಡುಮಕ್ಕಳಿಗೆ ಅಪಾಯವಾದೀತು ಎಂದು ಹೆದರಿ, ಅಡ್ಡಹೆಸರು ಬದಲಾಯಿಸಿಕೊಳ್ಳಿ ಅಂದ. ಥಾಮಸ್ ತನ್ನ ತಮ್ಮ ಜಾರ್ಜ್‌ನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡ. ತಮ್ಮನೂ ಅದನ್ನೇ ಹಿಡಿದ, ಹಾಗಾಗಿ ಅವನು ಜಾರ್ಜ್ ಜಾರ್ಜ್ ಆದ. ಕೇಳಿದರೆ ಅಪ್ಪನ ಕಾರ್ಟೂನಿನಂತೆಯೇ ಇದೆ. ಆದರೆ ಲೋಕವೆಲ್ಲ ಗುರುತಿಸುವ ಹೆಸರನ್ನು ಸ್ವಂತ ಮಕ್ಕಳಿಂದಲೇ ಬಿಡಿಸಬೇಕಾಗಿ ಬಂದಾಗ ಆ ಅಪ್ಪನಿಗೆ ನಗು ಬಂದಿರಲಾರದು.

1948ರಲ್ಲಿ ಅವನಿಗೆ ಪುಲಿಟ್ಜರ್ ಸಿಕ್ಕಿದ್ದು ಮಷಿನ್ನಿನ ಚಿತ್ರಕ್ಕಲ್ಲ. ಪ್ರಪಾತದ ಅಂಚಿನಲ್ಲಿ ಓಲಾಡುವ ಅಣುಬಾಂಬು, ಅದರ ಮೇಲೊಂದು ಪುಟ್ಟ ಸಂಸಾರದ ಮನೆ. ಇಲ್ಲಿ ದಾರವೂ ಇಲ್ಲ, ಗಿಳಿಯೂ ಇಲ್ಲ.

1970ರ ಡಿಸೆಂಬರ್ 7ರಂದು ತೀರಿಕೊಂಡ. ಅದಕ್ಕೆ ಸ್ವಲ್ಪ ಮುಂಚೆ ಸ್ಮಿತ್ಸೋನಿಯನ್ ಅವನ ಕೃತಿಗಳ ಪ್ರದರ್ಶನ ಏರ್ಪಡಿಸಿತ್ತು. ಇನ್ನು ಪರ್ಡ್ಯೂ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ಹುಡುಗರು 1949ರಲ್ಲೇ ಅವನ ಹೆಸರಿನ ಸ್ಪರ್ಧೆ ಶುರುಮಾಡಿದ್ದರು. ಮಧ್ಯೆ ನಿಂತುಹೋಗಿದ್ದ ಅದು 1980ರ ದಶಕದಲ್ಲಿ ಮತ್ತೆ ಚಿಗುರಿತು. 2012ರಲ್ಲಿ ಪರ್ಡ್ಯೂ ತಂಡ ಒಂದು ಬಲೂನ್ ಊದಿ ಒಡೆಯೋಕೆ 300 ಹಂತಗಳ ಯಂತ್ರ ಕಟ್ಟಿ ದಾಖಲೆ ಮಾಡಿತು. ಗೋಲಿ ದಾರಿ ತಪ್ಪೋದು, ದಾರ ಜಾರೋದು, ಎಲ್ಲ ತೆಗೆದು ಮತ್ತೆ ಜೋಡಿಸೋದು ಇಂಥ ಹುಡುಗರ ಪಾಲಿನ ಕಷ್ಟ. ಗೋಲ್ಡ್‌ಬರ್ಗ್‌ಗೆ ಆ ತಲೆನೋವಿರಲಿಲ್ಲ; ಅವನ ಗಿಳಿ ಕಾಗದದ ಮೇಲೆ ಪ್ರತಿ ಸಲವೂ ಸರಿಯಾಗಿ ಜಿಗಿಯುತ್ತಿತ್ತು.