ಕಾಸಿನ ಮೇಲಿನ ಅರಸು: ಮುಮ್ಮಡಿ ಕೃಷ್ಣರಾಜ ಒಡೆಯರು

ಮುಮ್ಮಡಿ ಕೃಷ್ಣರಾಜ ಒಡೆಯರ ಜೀವನವನ್ನು ಸಾಹಿತ್ಯ, ಸಂಗೀತಗಳ ಪೋಷಣೆಯ ನೆಲೆಯಿಂದ ವಿವೇಚಿಸುವುದು ವಾಡಿಕೆ. ಅವರ ಕಾಲದ ತಾಮ್ರದ ಕಾಸು ಹೇಳುವ ಕಥೆ ಅದಕ್ಕಿಂತ ಕಟುವಾದುದು.

1794ರಲ್ಲಿ ಶ್ರೀರಂಗಪಟ್ಟಣದಲ್ಲಿ ಜನಿಸಿದ ಅವರಿಗೆ ಟಿಪ್ಪುವಿನ ಪತನಾನಂತರ, 1799ರ ಜೂನ್ 30ರಂದು ಪಟ್ಟವಾಯಿತು. ಆಗಿನ್ನೂ ಐದು ವರ್ಷ ತುಂಬಿರಲಿಲ್ಲ. ರಾಜ್ಯಭಾರ ದಿವಾನ್ ಪೂರ್ಣಯ್ಯನವರದಾಗಿದ್ದು, 1811ರ ಹೊತ್ತಿಗೆ ಅಧಿಕಾರ ಅರಸರ ಕೈಗೆ ಬಂದಿತು.

ಟಿಪ್ಪುವಿನ ತಾಮ್ರದ ನಾಣ್ಯಗಳಲ್ಲಿದ್ದ ಆನೆಯನ್ನು ಒಡೆಯರ ಟಂಕಸಾಲೆ ಕೈಬಿಡಲಿಲ್ಲ. ಅದರ ಮೇಲೆ ಸೂರ್ಯಚಂದ್ರರನ್ನೂ ಕನ್ನಡದ ಶ್ರೀಕಾರವನ್ನೂ ಸೇರಿಸಿತು. ಬೆಲೆಯನ್ನು ಕನ್ನಡದಲ್ಲಿ ಮಯಿಲಿ ಕಾಸು ಎಂದೂ ಇಂಗ್ಲಿಷಿನಲ್ಲಿ ಕ್ಯಾಶ್ ಎಂದೂ ನಮೂದಿಸಲಾಯಿತು. ಒಂದೇ ಬಿಲ್ಲೆಯ ಮೇಲೆ ಮೂಲಪದವೂ ಅದರ ರೂಪಾಂತರವೂ ಹೀಗೆ ಸಂಧಿಸಿರುವುದು ಭಾಷಾಶಾಸ್ತ್ರದ ದೃಷ್ಟಿಯಿಂದ ಗಮನಾರ್ಹ. ದಕ್ಷಿಣ ಭಾರತದ ಕಾಸು ಎಂಬ ಪದವೇ ಪೋರ್ಚುಗೀಸರ ಮೂಲಕ ಕ್ಯಾಶ್ ಆಗಿ, ಯುರೋಪಿಯನ್ನರ ಬಾಯಲ್ಲಿ ಚೀನದ ಚೌಕರಂಧ್ರದ ಎರಕದ ನಾಣ್ಯಕ್ಕೂ ಹೆಸರಾಯಿತು. ಅಲ್ಲಿ ಷಿಯನ್‌ಫೆಂಗ್ ಚಕ್ರವರ್ತಿ 1853ರಿಂದ ತೈಪಿಂಗ್ ದಂಗೆಯ ಯುದ್ಧವೆಚ್ಚಕ್ಕಾಗಿ ಹತ್ತರಿಂದ ಸಾವಿರ ಕಾಸಿನವರೆಗಿನ ದೊಡ್ಡ ನಾಣ್ಯಗಳನ್ನು ಹಿತ್ತಾಳೆ, ಕಂಚುಗಳಲ್ಲಿ ಎರಕ ಹೊಯ್ಯಿಸಿದನು. ಲೋಹದ ಬೆಲೆಗೂ ನಮೂದಿಸಿದ ಬೆಲೆಗೂ ತಾಳೆಯಿಲ್ಲದೆ ಅತಿ ದೊಡ್ಡವು ಬೇಗನೆ ನಿಂತುಹೋದವು. ಅಧಿಕಾರವಿದ್ದರೂ ಅಲ್ಲಿ ನಾಣ್ಯ ಸಲ್ಲಲಿಲ್ಲ; ಮೈಸೂರಿನ ಸ್ಥಿತಿ ಇದಕ್ಕೆ ತಿರುವುಮುರುವು.

ನಗರದ ರೈತದಂಗೆಯನ್ನು ಮುಂದೊಡ್ಡಿ 1831ರಲ್ಲಿ ಬ್ರಿಟಿಷರು ಆಡಳಿತವನ್ನು ವಶಪಡಿಸಿಕೊಂಡರು. 1833ರಲ್ಲಿ ಟಂಕಸಾಲೆಯೂ ಬೆಂಗಳೂರಿಗೆ ಹೋಯಿತು. ಆದರೂ ಸಿಂಹವನ್ನು, ಶ್ರೀ ಚಾಮುಂಡಿ ಎಂಬ ಕನ್ನಡ ಬರಹವನ್ನು, ಕೃಷ್ಣ ಎಂಬ ಹೆಸರನ್ನು ಹೊತ್ತ ತಾಮ್ರದ ಕಾಸುಗಳು ಹೊರಬರುತ್ತಲೇ ಇದ್ದವು. ಆಳುವವರು ಕಮಿಷನರುಗಳು, ಕಾಸಿನ ಮೇಲೆ ಮಾತ್ರ ಅರಸು! 1843ರಲ್ಲಿ ಟಂಕಸಾಲೆಯನ್ನೇ ಮುಚ್ಚಲಾಗಿ ಅದೂ ಇಲ್ಲವಾಯಿತು.

ಇದಾದ ಮೇಲೆ ಅರಸುಮನೆತನದ ಹೆಸರು ಉಳಿದುದು ಮುಖ್ಯವಾಗಿ ದೇವಾಲಯಗಳಲ್ಲಿ. ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುವ ಕಪಿಲೆಯ ದಡದಲ್ಲೇ, ಮೇಲುಹರಿವಿನಲ್ಲಿ, ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯವಿದೆ. ಟಿಪ್ಪು ಪಚ್ಚೆಯ ಲಿಂಗವನ್ನು ಒಪ್ಪಿಸಿದನೆಂಬ ಪ್ರತೀತಿಯೂ ಇದೇ ಗುಡಿಯದು. ಆನೆಯ ಕಾಸಿನಂತೆ ಇಲ್ಲಿಯೂ ಒಡೆಯರು ಅವನ ಉತ್ತರಾಧಿಕಾರಿಗಳು. 1849ರಲ್ಲಿ ಇದರ ಮಹಾಗೋಪುರವನ್ನು ಕಟ್ಟಿಸಿದವರು ಅರಸರ ರಾಣಿ ದೇವಾಜಮ್ಮಣ್ಣಿ. ಒಳಗೆ ರಾಣಿಯರೊಂದಿಗೆ ಕೈಮುಗಿದು ನಿಂತ ಅರಸರ ಭಕ್ತವಿಗ್ರಹವಿದೆ. ಅಧಿಕಾರ ಮರಳಿಸಬೇಕೆಂದು ಅವರು ಮಾಡಿದ ಮನವಿಗಳು ಫಲಿಸಲಿಲ್ಲ. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡು, 1868ರ ಮಾರ್ಚ್ 27ರಂದು ತೀರಿಕೊಂಡರು. ರಾಜ್ಯ ಮರಳಿದ್ದು 1881ರಲ್ಲಿ, ಆ ದತ್ತುಪುತ್ರನಿಗೆ.