ಖಂಡಗಳು ಚಲಿಸುತ್ತವೆ ಎಂದ ವೆಗೆನರ್: ಜಗತ್ತು ಒಪ್ಪುವ ಹೊತ್ತಿಗೆ ಅವರು ಹಿಮದಡಿ ಮಲಗಿದ್ದರು

ಭಾರತ ಒಂದು ಕಾಲಕ್ಕೆ ಆಫ್ರಿಕಾ, ಮಡಗಾಸ್ಕರ್, ಅಂಟಾರ್ಕ್ಟಿಕಾ ಜೊತೆ ಅಂಟಿಕೊಂಡಿತ್ತು ಎಂದು ಈಗ ಶಾಲೆ ಮಕ್ಕಳೂ ಹೇಳುತ್ತಾರೆ. ಆದರೆ ನೂರು ವರ್ಷಗಳ ಹಿಂದೆ ಇಂಥ ಮಾತು ಆಡಿದ ವಿಜ್ಞಾನಿಯನ್ನು ಭೂವಿಜ್ಞಾನಿಗಳು ಗೇಲಿ ಮಾಡಿದ್ದರು. ಅವರ ಹೆಸರು ಆಲ್ಫ್ರೆಡ್ ವೆಗೆನರ್.

ವೆಗೆನರ್ ಹುಟ್ಟಿದ್ದು 1880ರ ನವೆಂಬರ್ 1ರಂದು, ಬರ್ಲಿನ್‌ನಲ್ಲಿ. 1905ರಲ್ಲಿ ಡಾಕ್ಟರೇಟ್ ಪಡೆದಿದ್ದು ಖಗೋಳಶಾಸ್ತ್ರದಲ್ಲಿ. ಆದರೆ ಮನಸ್ಸು ಎಳೆದಿದ್ದು ಹವಾಮಾನದ ಕಡೆಗೆ. ಮರುವರ್ಷವೇ ಅಣ್ಣ ಕುರ್ಟ್ ಜೊತೆ ಬಲೂನ್ ಏರಿ 52 ಗಂಟೆಗೂ ಹೆಚ್ಚು ಕಾಲ ಆಕಾಶದಲ್ಲೇ ಇದ್ದರು. ಅದು ಆಗಿನ ದಾಖಲೆ. ಅದೇ ವರ್ಷ ಡೆನ್ಮಾರ್ಕ್‌ನ ತಂಡದೊಂದಿಗೆ ಗ್ರೀನ್‌ಲ್ಯಾಂಡ್‌ಗೆ ಹೊರಟರು. ಆ ಯಾತ್ರೆಯ ನಾಯಕನೂ ಸೇರಿ ಮೂವರು ಹಿಮದಲ್ಲೇ ಸತ್ತರು. ಇಷ್ಟಾದರೂ ವೆಗೆನರ್‌ಗೆ ಗ್ರೀನ್‌ಲ್ಯಾಂಡ್ ಹುಚ್ಚು ಬಿಡಲಿಲ್ಲ.

ಖಂಡಗಳ ವಿಚಾರ ಅವರ ತಲೆಗೆ ಹೊಕ್ಕಿದ್ದು ಮಾರ್ಬುರ್ಗ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ. ಭೂಪಟದಲ್ಲಿ ಬ್ರೆಜಿಲ್‌ನ ಉಬ್ಬು ಆಫ್ರಿಕಾದ ತಗ್ಗಿಗೆ ಸರಿಯಾಗಿ ಕೂರುತ್ತದೆ. ಇದನ್ನು ಗಮನಿಸಿದ ಮೊದಲಿಗರೇನೂ ಅವರಲ್ಲ. ಆದರೆ 1911ರಲ್ಲಿ ಎರಡೂ ದಡಗಳಲ್ಲಿ ಒಂದೇ ಬಗೆಯ ಪಳೆಯುಳಿಕೆಗಳು ಸಿಕ್ಕಿರುವ ವರದಿ ಓದಿದ ಮೇಲೆ ಅವರು ಸುಮ್ಮನಿರಲಾಗಲಿಲ್ಲ. ಸಾಗರ ದಾಟುವ ತಾಕತ್ತಿಲ್ಲದ ಮೆಸೊಸಾರಸ್ ಎಂಬ ಪುಟ್ಟ ಸರೀಸೃಪ ಬ್ರೆಜಿಲ್‌ನಲ್ಲೂ ಇತ್ತು, ದಕ್ಷಿಣ ಆಫ್ರಿಕಾದಲ್ಲೂ ಇತ್ತು. ಹೇಗೆ? ನಡುವೆ ಭೂಸೇತುವೆ ಇತ್ತು, ಅದು ಮುಳುಗಿಹೋಯಿತು ಎಂಬುದು ಆಗಿನ ಪಂಡಿತರ ಉತ್ತರ. ಭೂಮಿಯೇ ಸೀಳಿ ದೂರ ಸರಿಯಿತು ಎಂದರು ವೆಗೆನರ್. 1912ರ ಜನವರಿ 6ರಂದು ಫ್ರಾಂಕ್‌ಫರ್ಟ್‌ನಲ್ಲಿ ಇದನ್ನು ಬಹಿರಂಗವಾಗಿ ಮಂಡಿಸಿದರು.

ಹವಾಮಾನ ಬಲ್ಲವರಾಗಿದ್ದೇ ಅವರ ನಿಜವಾದ ಬಲ ಎನ್ನಬೇಕು. ನಮ್ಮ ಒಡಿಶಾದ ತಾಲ್ಚೇರ್ ಪ್ರದೇಶದಲ್ಲಿ ಹಿಮನದಿಗಳು ತಂದು ಸುರಿದ ಬಂಡೆಗಳ ಪದರವಿದೆ. ವಯಸ್ಸು ಸುಮಾರು 30 ಕೋಟಿ ವರ್ಷ. ಬೆವರು ಕಿತ್ತುಬರುವ ಒಡಿಶಾದಲ್ಲಿ ಹಿಮನದಿ! ಇಂಥ ಗುರುತುಗಳು ದಕ್ಷಿಣ ಆಫ್ರಿಕಾ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾದಲ್ಲೂ ಇವೆ. ಇವನ್ನೆಲ್ಲ ದಕ್ಷಿಣ ಧ್ರುವದ ಸುತ್ತ ಒಟ್ಟಿಗೆ ಜೋಡಿಸಿ ನೋಡಿದರೆ ಲೆಕ್ಕ ತಾಳೆಯಾಗುತ್ತದೆ. ಈ ದಕ್ಷಿಣದ ಭೂಭಾಗಕ್ಕೆ ಇರುವ ಗೊಂಡ್ವಾನ ಎಂಬ ಹೆಸರೂ ಮಧ್ಯಭಾರತದ ಗೊಂಡರ ನಾಡಿನಿಂದಲೇ ಬಂದದ್ದು.

ಮೊದಲ ಮಹಾಯುದ್ಧದಲ್ಲಿ ವೆಗೆನರ್ ಎರಡು ಬಾರಿ ಗಾಯಗೊಂಡರು. 1915ರಲ್ಲಿ, ಯುದ್ಧದ ನಡುವೆಯೇ, ಖಂಡಗಳು ಮತ್ತು ಸಾಗರಗಳ ಹುಟ್ಟಿನ ಕುರಿತ ಅವರ ಪುಸ್ತಕ ಹೊರಬಂತು. ಅದು ಬೇರೆ ಭಾಷೆಗಳಿಗೆ ಅನುವಾದವಾದ ಮೇಲೆ 1920ರ ದಶಕದಲ್ಲಿ ಟೀಕೆಗಳ ಸುರಿಮಳೆ ಶುರುವಾಯಿತು. ಹವಾಮಾನದವನಿಗೆ ಕಲ್ಲು ಮಣ್ಣಿನ ಉಸಾಬರಿ ಏಕೆ ಎಂಬ ಧಾಟಿ ಹಲವರದ್ದು.

ಎಲ್ಲ ಟೀಕೆಯೂ ಅಸೂಯೆಯದ್ದಲ್ಲ, ಇದನ್ನೂ ಹೇಳಬೇಕು. ಇಡೀ ಖಂಡವನ್ನು ತಳ್ಳುವ ಶಕ್ತಿ ಯಾವುದು ಎಂಬ ಪ್ರಶ್ನೆಗೆ ವೆಗೆನರ್ ಬಳಿ ಸರಿಯಾದ ಉತ್ತರವಿರಲಿಲ್ಲ. ಭೂಮಿಯ ತಿರುಗುವಿಕೆ, ಚಂದ್ರ ಸೂರ್ಯರ ಸೆಳೆತ ಎಂದರು. ಆ ಬಲಗಳು ತೀರಾ ಅಲ್ಪ ಎಂದು ಬ್ರಿಟನ್‌ನ ಹೆರಾಲ್ಡ್ ಜೆಫ್ರೀಸ್ ಲೆಕ್ಕ ಹಾಕಿ ತೋರಿಸಿದರು. ಗ್ರೀನ್‌ಲ್ಯಾಂಡ್ ವರ್ಷಕ್ಕೆ ಹಲವು ಮೀಟರ್ ಸರಿಯುತ್ತಿದೆ ಎಂಬ ವೆಗೆನರ್ ಅಂದಾಜೂ ತಪ್ಪಾಗಿತ್ತು. ನಿಜವಾದ ವೇಗ ಸೆಂಟಿಮೀಟರ್‌ಗಳಲ್ಲಿದೆ. ಜರ್ಮನಿಯಲ್ಲಿ ಪ್ರೊಫೆಸರ್ ಹುದ್ದೆ ಕೈಗೆಟುಕಲಿಲ್ಲ. 1924ರಲ್ಲಿ ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯ ಅವರನ್ನು ಕರೆಯಿತು. ಪತ್ನಿ ಎಲ್ಸೆ, ಮೂವರು ಹೆಣ್ಣುಮಕ್ಕಳ ಜೊತೆ ಅಲ್ಲೇ ನೆಲೆಸಿದರು.

ಅಲ್ಲಿ ನೆಮ್ಮದಿಯಾಗಿ ಇರಬಹುದಿತ್ತು. ಆದರೆ 1930ರಲ್ಲಿ ಮತ್ತೆ ಗ್ರೀನ್‌ಲ್ಯಾಂಡ್‌ಗೆ ಹೊರಟರು, ಈ ಬಾರಿ ತಂಡದ ನಾಯಕರಾಗಿ. ಕರಾವಳಿಯಿಂದ ಸುಮಾರು 400 ಕಿಲೋಮೀಟರ್ ಒಳಗೆ, ಹಿಮದ ನಟ್ಟನಡುವೆ, ವರ್ಷವಿಡೀ ಹವಾಮಾನ ಅಳೆಯುವ ಐಸ್‌ಮಿಟೆ ಎಂಬ ಠಾಣೆ ತೆರೆಯುವುದು ಯೋಜನೆ. ಸಾಮಾನು ಸಾಗಿಸಲು ತಂದ ಮೋಟಾರ್ ಗಾಡಿಗಳು ಕೈಕೊಟ್ಟವು. ಠಾಣೆಯಲ್ಲಿದ್ದ ಗೆಯಾರ್ಗಿ ಮತ್ತು ಸೋರ್ಗೆ, ಇಂಧನ ಬರದಿದ್ದರೆ ಹೊರಟುಬಿಡುತ್ತೇವೆ ಎಂದು ಸುದ್ದಿ ಕಳಿಸಿದರು. ಆ ಚಳಿಯಲ್ಲಿ ನಡೆದು ಹೊರಟರೆ ಸಾವು ಖಚಿತ. ಹಾಗಾಗಿ ವೆಗೆನರ್ ತಾವೇ ನಾಯಿಗಳು ಎಳೆಯುವ ಗಾಡಿಗಳಲ್ಲಿ ಸಾಮಾನು ಹೇರಿಕೊಂಡು ಸೆಪ್ಟೆಂಬರ್‌ನಲ್ಲಿ ಹೊರಟರು. ಜೊತೆಗಿದ್ದ 13 ಗ್ರೀನ್‌ಲ್ಯಾಂಡಿಗರಲ್ಲಿ 12 ಮಂದಿ ದಾರಿಯಲ್ಲೇ ಹಿಂದಿರುಗಿದರು. ಉಳಿದವರು ವೆಗೆನರ್, ಲೋವೆ ಎಂಬ ವಿಜ್ಞಾನಿ ಮತ್ತು ರಾಸ್ಮುಸ್ ವಿಲ್ಲುಮ್ಸೆನ್ ಎಂಬ ಗ್ರೀನ್‌ಲ್ಯಾಂಡ್ ಯುವಕ. ಚಳಿ ಮೈನಸ್ 50 ಡಿಗ್ರಿಗೂ ಕೆಳಗಿಳಿದಿತ್ತು.

40 ದಿನಗಳ ಬಳಿಕ ಠಾಣೆ ತಲುಪಿದಾಗ ಗಾಡಿಗಳು ಹೆಚ್ಚುಕಡಿಮೆ ಖಾಲಿ. ನೋಡಿದರೆ ಅಲ್ಲಿದ್ದ ಇಬ್ಬರೂ ಹಿಮದೊಳಗೆ ಗುಹೆ ಕೊರೆದು, ಇದ್ದುದರಲ್ಲೇ ಚಳಿಗಾಲ ಕಳೆಯಲು ಸಿದ್ಧರಾಗಿದ್ದರು! ಲೋವೆಯ ಕಾಲ್ಬೆರಳುಗಳು ಹಿಮಕ್ಕೆ ಸತ್ತುಹೋಗಿದ್ದವು. ಅವನ್ನು ಚಾಕುವಿನಿಂದಲೇ ಕತ್ತರಿಸಬೇಕಾಯಿತು. ಐವರಿಗೆ ಸಾಲುವಷ್ಟು ಆಹಾರ ಇರಲಿಲ್ಲ. ನವೆಂಬರ್ 1ರಂದು, ತಮ್ಮ 50ನೇ ಹುಟ್ಟುಹಬ್ಬದ ದಿನ, ವೆಗೆನರ್ ವಿಲ್ಲುಮ್ಸೆನ್ ಜೊತೆ ಕರಾವಳಿಯತ್ತ ಹೊರಟರು.

ಇಬ್ಬರೂ ತಲುಪಲಿಲ್ಲ. 1931ರ ಮೇ ತಿಂಗಳಲ್ಲಿ ಅರ್ಧ ದಾರಿಯಲ್ಲಿ ವೆಗೆನರ್ ದೇಹ ಸಿಕ್ಕಿತು. ವಿಲ್ಲುಮ್ಸೆನ್ ಅದನ್ನು ಜತನದಿಂದ ಹೊದಿಸಿ ಹೂತು, ಗುರುತಿಗೆ ಸ್ಕೀಗಳನ್ನು ನೆಟ್ಟು ಮುಂದೆ ಹೋಗಿದ್ದರು. ಅವರ ಸುಳಿವು ಇಂದಿಗೂ ಸಿಕ್ಕಿಲ್ಲ. ವೆಗೆನರ್ ದೇಹವನ್ನು ಅಲ್ಲೇ ಹಿಮದಲ್ಲಿ ಬಿಟ್ಟರು.

ಮುಂದೆ ಮೂರು ದಶಕ ವಾದ ಮೂಲೆಗೆ ಬಿತ್ತು. 1950 ಮತ್ತು 60ರ ದಶಕಗಳಲ್ಲಿ ಸಾಗರತಳದ ನಕ್ಷೆ ತಯಾರಾದಾಗ ಅಟ್ಲಾಂಟಿಕ್ ನಡುವೆ ಉದ್ದನೆಯ ಪರ್ವತಸಾಲು, ಅದರ ಮಧ್ಯೆ ಬಿರುಕು ಕಂಡಿತು. ಅಲ್ಲಿ ಹೊಸ ಸಾಗರತಳ ಹುಟ್ಟುತ್ತಿದೆ ಎಂದು ಬಂಡೆಗಳ ಕಾಂತೀಯ ಪಟ್ಟೆಗಳು ಸಾರಿದವು. ವೆಗೆನರ್‌ಗೆ ಸಿಗದ ಉತ್ತರ ಭೂಮಿಯ ಒಳಗಿನ ಶಾಖದಲ್ಲಿತ್ತು.

ಮಡಗಾಸ್ಕರ್‌ನಿಂದ ಭಾರತ ಕಳಚಿಕೊಂಡಾಗ ಉಕ್ಕಿದ ಲಾವಾದ ಕುರುಹು ಉಡುಪಿಯ ಮಲ್ಪೆ ಬಳಿ ಸೇಂಟ್ ಮೇರಿಸ್ ದ್ವೀಪದಲ್ಲಿದೆ. ಅಲ್ಲಿ ಕಂಬ ನಿಲ್ಲಿಸಿದಂತೆ ಕಾಣುವ ಬಂಡೆಗಳಿಗೆ ಸುಮಾರು 8.8 ಕೋಟಿ ವರ್ಷ. ಹಾಗೆ ಹೊರಟ ಭಾರತ ಏಷ್ಯಾಕ್ಕೆ ಗುದ್ದಿ ಹಿಮಾಲಯ ಎದ್ದಿತು. ಉತ್ತರಕ್ಕೆ ಸರಿಯುವುದು ಇನ್ನೂ ನಿಂತಿಲ್ಲ, ವರ್ಷಕ್ಕೆ ಸುಮಾರು 5 ಸೆಂಟಿಮೀಟರ್.

ಇದ್ಯಾವುದನ್ನೂ ವೆಗೆನರ್ ನೋಡಲಿಲ್ಲ. ಪತ್ನಿ ಎಲ್ಸೆ ನೋಡಿದರು. ಅವರು ತೀರಿಕೊಂಡಿದ್ದು 1992ರಲ್ಲಿ, ನೂರು ತುಂಬಿದ ಮೇಲೆ.