ರಾಕ್ಷಸರಿಗೆ ಡೇಟಾಶೀಟ್ ಬರೆದ ಗ್ಯಾರಿ ಗೈಗ್ಯಾಕ್ಸ್

ಡಂಜನ್ ಗೇಮ್ ಆಡುವ ನಮಗೆಲ್ಲ ಈ ಜಗಳ ಗೊತ್ತು. ಕ್ಯಾಂಪೇನ್ ಚೆನ್ನಾಗಿ ಸಾಗ್ತಿರುತ್ತೆ. ಯಾರೋ ಒಬ್ಬರು ಎಕ್ಸ್‌ಪ್ಯಾನ್ಶನ್ ಬಾಕ್ಸ್ ತರ್ತಾರೆ. ಅದರೊಳಗಿನ ಹೊಸ ರಾಕ್ಷಸ ಒಂದೇ ಏಟಿಗೆ ಅರ್ಧ ಪಾರ್ಟಿಯನ್ನು ಮುಗಿಸುತ್ತೆ, ಇಲ್ಲಾಂದ್ರೆ ಒಂದೇ ಏಟಿಗೆ ತಾನೇ ಸಾಯುತ್ತೆ. ಎರಡರಲ್ಲೂ ಆಟದ ಮಜಾ ಹೋಯ್ತು. ಹಳೆಯ ಆಟಕ್ಕೆ ಹೊಸ ರಾಕ್ಷಸನನ್ನು ಹೊಂದಿಸೋದು ಹೇಗೆ ಅನ್ನೋ ಈ ಪ್ರಶ್ನೆಯನ್ನು ಸುಮಾರು ಐವತ್ತು ವರ್ಷದ ಹಿಂದೆಯೇ ಎದುರಿಸಿದವರು ಗ್ಯಾರಿ ಗೈಗ್ಯಾಕ್ಸ್. ‘ಡಂಜನ್ಸ್ ಆ್ಯಂಡ್ ಡ್ರಾಗನ್ಸ್’ ಆಟದ ಇಬ್ಬರು ಸೃಷ್ಟಿಕರ್ತರಲ್ಲಿ ಒಬ್ಬರು.

ಅವರು ಹುಟ್ಟಿದ್ದು 1938ರ ಜುಲೈ 27ರಂದು, ಅಮೆರಿಕದ ಶಿಕಾಗೋದಲ್ಲಿ. ತಂದೆ ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದವರು, ಶಿಕಾಗೋ ಸಿಂಫನಿ ಆರ್ಕೆಸ್ಟ್ರಾದಲ್ಲಿ ಪಿಟೀಲು ನುಡಿಸಿದವರು. 1946ರಲ್ಲಿ ಕುಟುಂಬ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿಗೆ ಬಂತು. ಹುಡುಗನಿಗೆ ಚೆಸ್ ಹುಚ್ಚು, ಫ್ಯಾಂಟಸಿ ಕಥೆಗಳ ಹುಚ್ಚು. ಓದು ಮಾತ್ರ ಹತ್ತಲಿಲ್ಲ, ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟರು. ಮುಂದೆ ಸಿಕ್ಕಿದ್ದು ಶಿಕಾಗೋದ ವಿಮಾ ಕಂಪನಿಯೊಂದರಲ್ಲಿ ಅಂಡರ್‌ರೈಟರ್ ಕೆಲಸ. ಅಂದ್ರೆ ಯಾವ ಅಪಾಯ ಎಷ್ಟು ದೊಡ್ಡದು, ಅದಕ್ಕೆ ಎಷ್ಟು ಪ್ರೀಮಿಯಂ ಹಾಕಬೇಕು ಅಂತ ತೂಗಿ ನೋಡುವ ಕೆಲಸ. ರಾಕ್ಷಸರ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆ ಟ್ರೈನಿಂಗ್ ಇಲ್ಲ ಅಂತ ನಮಗನಿಸುತ್ತೆ.

ಬಿಡುವಿನಲ್ಲೆಲ್ಲ ಯುದ್ಧದ ಆಟಗಳು. 1968ರಲ್ಲಿ ಊರಿನ ಹಾರ್ಟಿಕಲ್ಚರಲ್ ಹಾಲ್ ಬಾಡಿಗೆಗೆ ತಗೊಂಡು ಆಟಗಾರರನ್ನು ಸೇರಿಸಿದರು. ಇವತ್ತು ಇಂಡಿಯಾನಾಪೊಲಿಸ್‌ನಲ್ಲಿ ಹತ್ತಾರು ಸಾವಿರ ಜನ ಸೇರುವ ‘ಜೆನ್ ಕಾನ್’ ಶುರುವಾದದ್ದು ಹಾಗೆ. 1970ರಲ್ಲಿ ವಿಮಾ ಕಂಪನಿಯ ಕೆಲಸ ಹೋಯ್ತು. ಮನೆ ತುಂಬ ಮಕ್ಕಳು. ನೆಲಮಾಳಿಗೆಯಲ್ಲಿ ಕೂತು ಬೂಟು ರಿಪೇರಿ ಮಾಡಿ ಸಂಸಾರ ತೂಗಿಸಿದರು. ಆ ಕಷ್ಟದಲ್ಲೇ, 1971ರಲ್ಲಿ, ಜೆಫ್ ಪೆರೆನ್ ಜೊತೆ ಬರೆದ ‘ಚೈನ್‌ಮೇಲ್’ ಹೊರಬಂತು. ಅದು ಮಧ್ಯಯುಗದ ಸೈನ್ಯಗಳ ಆಟ. ಅದರ ಕೊನೆಯಲ್ಲಿ ಡ್ರಾಗನ್, ದೈತ್ಯರಿಗೂ ನಿಯಮ ಸೇರಿಸಿದ್ದರು.

ಆ ನಿಯಮಗಳನ್ನು ಹಿಡಿದು ಮಿನೆಸೋಟಾದ ಡೇವ್ ಆರ್ನೆಸನ್ ಬೇರೆಯದೇ ದಾರಿ ಹಿಡಿದರು. ಒಬ್ಬ ಆಟಗಾರನಿಗೆ ಸೈನ್ಯದ ಬದಲು ಒಂದೇ ಪಾತ್ರ. ಕೋಟೆಯ ಕೆಳಗೆ ಸುರಂಗ. ಗೆದ್ದ ಪಾತ್ರ ಮುಂದಿನ ವಾರಕ್ಕೂ ಉಳಿದು ಬಲಿಯುತ್ತಾ ಹೋಗುತ್ತೆ. 1972ರ ಕೊನೆಯಲ್ಲಿ ಅವರು ಲೇಕ್ ಜಿನೀವಾಕ್ಕೆ ಬಂದು ಇದನ್ನು ಆಡಿ ತೋರಿಸಿದರು. ಜೊತೆಗೆ ಬಂದಿದ್ದ ಡೇವಿಡ್ ಮೆಗರಿ ಅದೇ ಯೋಚನೆಯ ಬೋರ್ಡ್ ಗೇಮ್ ತಂದಿದ್ದರು. 1975ರಲ್ಲಿ ‘ಡಂಜನ್!’ ಅಂತ ಮಾರುಕಟ್ಟೆಗೆ ಬಂದದ್ದು ಅದೇ. ಆಳಕ್ಕೆ ಇಳಿದಷ್ಟೂ ರಾಕ್ಷಸ ಬಲಿಷ್ಠ, ನಿಧಿಯೂ ದೊಡ್ಡದು ಎಂಬ ಸೂತ್ರ ಈ ಎರಡೂ ಆಟಗಳಲ್ಲಿ ಇತ್ತು. ಎಷ್ಟು ಅಪಾಯ ಬೇಕು ಅನ್ನೋದನ್ನು ಮೆಟ್ಟಿಲ ಬಳಿ ನಿಂತ ಆಟಗಾರನೇ ತೀರ್ಮಾನ ಮಾಡ್ತಾನೆ.

ಗೈಗ್ಯಾಕ್ಸ್ ತಕ್ಷಣ ತಮ್ಮದೇ ಗ್ರೇಹಾಕ್ ಕೋಟೆ ಕಟ್ಟಿದರು. ಅದರ ಮೊದಲ ಆಟಗಾರರು ಅವರ ಇಬ್ಬರು ಮಕ್ಕಳು, ಅರ್ನಿ ಮತ್ತು ಎಲಿಸ್. ಆರ್ನೆಸನ್ ಕಳಿಸಿದ ಟಿಪ್ಪಣಿಗಳನ್ನೂ ತಮ್ಮ ನಿಯಮಗಳನ್ನೂ ಸೇರಿಸಿ ಬರೆದರು. 1973ರಲ್ಲಿ ಬಾಲ್ಯದ ಗೆಳೆಯ ಡಾನ್ ಕೇ ಜೊತೆ ಟಿಎಸ್‌ಆರ್ ಕಂಪನಿ ಶುರುವಾಯ್ತು. 1974ರಲ್ಲಿ ಮೂರು ಪುಟ್ಟ ಪುಸ್ತಕಗಳ ಆಟ 1000 ಪ್ರತಿ ಅಚ್ಚಾಗಿ, ವರ್ಷದೊಳಗೆ ಖಾಲಿಯಾಯ್ತು.

ಈಗ ನಮ್ಮ ವಿಷಯಕ್ಕೆ ಬರೋಣ. 1975ರಲ್ಲಿ ಆ ಆಟದ ಮೊದಲ ಎಕ್ಸ್‌ಪ್ಯಾನ್ಶನ್ ‘ಗ್ರೇಹಾಕ್’ ಬಂತು, ರಾಬ್ ಕುಂಟ್ಸ್ ಜೊತೆ ಬರೆದದ್ದು. ಅದಕ್ಕೂ ಮೊದಲು ರಾಕ್ಷಸರ ಪ್ರಾಣವನ್ನು ಆರು ಮುಖದ ದಾಳದಲ್ಲಿ ಎಣಿಸ್ತಿದ್ದರು. ನಾಲ್ಕು ದಾಳದ ರಾಕ್ಷಸನಿಗೆ ಸರಾಸರಿ 14 ಪಾಯಿಂಟ್. ಯಾವ ಆಯುಧ ಹಿಡಿದರೂ ಏಟು ಒಂದು ದಾಳ, ಸರಾಸರಿ 3.5. ಅಂದ್ರೆ ತಗುಲುವ ನಾಲ್ಕು ಏಟಿಗೆ ಅವನು ಬೀಳ್ತಾನೆ. ಗ್ರೇಹಾಕ್ ರಾಕ್ಷಸರಿಗೆ ಎಂಟು ಮುಖದ ದಾಳ ಕೊಟ್ಟಿತು. 14 ಇದ್ದದ್ದು 18 ಆಯ್ತು. ಕತ್ತಿಗೂ ಎಂಟು ಮುಖ ಬಂತು, ಏಟಿನ ಸರಾಸರಿ 4.5. ಭಾಗಿಸಿ ನೋಡಿ, ಕತ್ತಿ ಹಿಡಿದವನಿಗೆ ಮತ್ತೆ ಅದೇ ನಾಲ್ಕು ಏಟು! ಆದರೆ ಮಂತ್ರವಾದಿಯ ಕೈಲಿದ್ದದ್ದು ನಾಲ್ಕು ಮುಖದ ಚೂರಿ, ಸರಾಸರಿ 2.5. ಅವನಿಗೆ ಏಳಕ್ಕಿಂತ ಹೆಚ್ಚು ಏಟು ಬೇಕು. ಅವನ ಪ್ರಾಣದ ದಾಳವೂ ನಾಲ್ಕು ಮುಖಕ್ಕೆ ಇಳಿದಿತ್ತು. ರಾಕ್ಷಸನ ಒಂದು ನಂಬರ್ ಬದಲಾದರೆ ಪಾರ್ಟಿಯಲ್ಲಿ ಎಲ್ಲರಿಗೂ ಒಂದೇ ಥರ ತಟ್ಟಲ್ಲ ಅನ್ನೋದು ಈ ಲೆಕ್ಕದಲ್ಲೇ ಕಾಣುತ್ತೆ.

ಇನ್ನೊಂದು ರಿಪೇರಿ ಇದಕ್ಕಿಂತ ಜಾಣತನದ್ದು. ಮೊದಲು ಒಂದು ದಾಳದ ರಾಕ್ಷಸನನ್ನು ಕೊಂದರೆ 100 ಎಕ್ಸ್‌ಪೀರಿಯೆನ್ಸ್ ಪಾಯಿಂಟ್ ಸಿಗ್ತಿತ್ತು. ಯೋಧ ಎರಡನೇ ಲೆವೆಲ್‌ಗೆ ಹೋಗೋಕೆ ಬೇಕಾದದ್ದು 2000. ಇಪ್ಪತ್ತು ಜನರನ್ನು ಬಡಿದರೆ ಮುಗೀತು. ಗ್ರೇಹಾಕ್ ಆ 100ನ್ನು 10ಕ್ಕೆ ಇಳಿಸಿ, ವಿಶೇಷ ಶಕ್ತಿ ಇದ್ದ ರಾಕ್ಷಸನಿಗೆ ಮಾತ್ರ ಒಂದಿಷ್ಟು ಹೆಚ್ಚುವರಿ ಕೊಟ್ಟಿತು. ಚಿನ್ನದ ಒಂದು ನಾಣ್ಯಕ್ಕೆ ಒಂದು ಪಾಯಿಂಟ್ ಮೊದಲಿನ ಹಾಗೇ ಉಳೀತು. ಆಗ ಏನಾಯ್ತು? ಎದುರಿಗೆ ಸಿಕ್ಕವರನ್ನೆಲ್ಲ ಬಡಿಯೋದಕ್ಕಿಂತ ಉಪಾಯವಾಗಿ ನಿಧಿ ಹೊತ್ತು ತರೋದು ಲಾಭದ ದಾರಿಯಾಯ್ತು. ರಾಕ್ಷಸನ ಬಲವನ್ನು ಮುಟ್ಟದೆಯೂ ಆಟ ಬದಲಾಗುತ್ತೆ, ಬಹುಮಾನ ಬದಲಿಸಿದರೆ ಸಾಕು.

ಅದೇ ಪುಸ್ತಕದಲ್ಲಿ ರಸ್ಟ್ ಮಾನ್ಸ್ಟರ್ ಕೂಡ ಬಂತು. ಹಾಂಗ್‌ಕಾಂಗ್‌ನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಗೊಂಬೆ ನೋಡಿ ಗೈಗ್ಯಾಕ್ಸ್‌ಗೆ ಹೊಳೆದ ಪ್ರಾಣಿ ಅದು. ಅದು ನಿಮ್ಮ ಪ್ರಾಣಕ್ಕೆ ಕೈ ಹಾಕಲ್ಲ, ಮುಟ್ಟಿದ ಲೋಹವನ್ನೆಲ್ಲ ತುಕ್ಕು ಹಿಡಿಸುತ್ತೆ. ದುಬಾರಿ ಕವಚ ತೊಟ್ಟ ಯೋಧ ಓಡಬೇಕು, ಕೋಲು ಹಿಡಿದ ಮಂತ್ರವಾದಿ ಆರಾಮಾಗಿ ನಿಲ್ಲಬಹುದು. ಮೊದಲ ಲೆಕ್ಕದಲ್ಲಿ ಸೋತ ಮಂತ್ರವಾದಿ ಇಲ್ಲಿ ಗೆದ್ದ.

1977ರ ‘ಮಾನ್ಸ್ಟರ್ ಮ್ಯಾನುಯಲ್’ನಲ್ಲಿ 350ಕ್ಕೂ ಹೆಚ್ಚು ಜೀವಿಗಳಿವೆ. ಒಂದೊಂದಕ್ಕೂ ಎಷ್ಟು ಅಪರೂಪ, ಒಮ್ಮೆಗೆ ಎಷ್ಟು ಬರುತ್ತವೆ, ಕವಚ, ವೇಗ, ಪ್ರಾಣ, ಏಟು, ಬುದ್ಧಿ, ನಿಧಿ ಅಂತ ಸಾಲು ಸಾಲು ಮಾಹಿತಿ. ಥೇಟ್ ನಾವು ಲ್ಯಾಬ್‌ನಲ್ಲಿ ನೋಡುವ ಐಸಿ ಡೇಟಾಶೀಟ್. ಆದರೆ ಇಂಥ ಪಾರ್ಟಿಗೆ ಇಂಥ ರಾಕ್ಷಸ ಅಂತ ಹೇಳುವ ಸೂತ್ರ ಅದರಲ್ಲಿಲ್ಲ. ಅದನ್ನು ಮೇಜಿನ ತುದಿಯಲ್ಲಿ ಕೂತ ರೆಫರಿಗೆ ಬಿಟ್ಟಿದ್ದರು. ನಮ್ಮ ಕಾಲದ ಗ್ಲೂಮ್‌ಹೇವನ್‌ನಲ್ಲಿ ರೆಫರಿ ಇಲ್ಲ. ಹಾಗಾಗಿ ಪಾತ್ರಗಳ ಲೆವೆಲ್‌ಗಳ ಸರಾಸರಿಯನ್ನು ಅರ್ಧ ಮಾಡಿ, ಮೇಲಕ್ಕೆ ರೌಂಡ್ ಮಾಡುವ ಸೂತ್ರ ಆ ಕೆಲಸ ಮಾಡುತ್ತೆ.

ಮೇಜಿನ ಮೇಲೆ ಇಷ್ಟು ಚೆನ್ನಾಗಿ ತೂಗಿದವರಿಗೆ ಕಂಪನಿಯ ತಕ್ಕಡಿ ಒಲಿಯಲಿಲ್ಲ. ಡಾನ್ ಕೇ 1975ರಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಅವರ ಪಾಲು ಕೊಳ್ಳೋಕೆ ಗೈಗ್ಯಾಕ್ಸ್ ಹತ್ತಿರ ದುಡ್ಡಿರಲಿಲ್ಲ. ಬ್ಲೂಮ್ ಕುಟುಂಬ ಹಣ ಹಾಕಿತು, ಗೈಗ್ಯಾಕ್ಸ್ ಪಾಲು ಅರ್ಧಕ್ಕಿಂತ ಕೆಳಗಿಳಿಯಿತು. ಹೊಸ ಆವೃತ್ತಿಯ ರಾಯಧನಕ್ಕಾಗಿ ಆರ್ನೆಸನ್ 1979ರಲ್ಲಿ ಕೋರ್ಟಿಗೆ ಹೋದರು, 1981ರಲ್ಲಿ ರಾಜಿಯಾಯ್ತು. ಈ ವಿಷಯದಲ್ಲಿ ನಮ್ಮ ಮನಸ್ಸು ಆರ್ನೆಸನ್ ಕಡೆಗೇ. ಸುರಂಗ ಮೊದಲು ತೋಡಿದವರು ಅವರು, ಹೆಚ್ಚು ಹೆಸರು ಬಂದದ್ದು ಬರೆದವರಿಗೆ. 1985ರಲ್ಲಿ ಬ್ಲೂಮ್ ಸೋದರರು ತಮ್ಮ ಷೇರುಗಳನ್ನು ಲೊರೇನ್ ವಿಲಿಯಮ್ಸ್ ಅವರಿಗೆ ಮಾರಿದರು. ಗೈಗ್ಯಾಕ್ಸ್ ಕೋರ್ಟಿನಲ್ಲಿ ಸೋತು, ಮರುವರ್ಷ ತಾವೇ ಕಟ್ಟಿದ ಕಂಪನಿಯಿಂದ ಹೊರಬಂದರು.

ಆಟ ಮಾತ್ರ ಬಿಡಲಿಲ್ಲ. ಬೇರೆ ಆಟಗಳನ್ನು ಬರೆದರು, ಲೇಕ್ ಜಿನೀವಾದ ಮನೆಗೆ ಬಂದವರಿಗೆ ತಾವೇ ರೆಫರಿಯಾಗಿ ಆಡಿಸಿದರು. 2008ರ ಮಾರ್ಚ್ 4ರಂದು ಅದೇ ಊರಲ್ಲಿ ತೀರಿಕೊಂಡಾಗ ಅವರಿಗೆ 69 ವರ್ಷ.

ಮುಂದಿನ ಸಲ ಎಕ್ಸ್‌ಪ್ಯಾನ್ಶನ್ ಬಾಕ್ಸ್ ತೆರೆದಾಗ ಹೊಸ ರಾಕ್ಷಸನ ಬಗ್ಗೆ ಮೂರು ಪ್ರಶ್ನೆ ಕೇಳೋಣ. ಪಾರ್ಟಿಯ ಒಬ್ಬೊಬ್ಬರಿಗೂ ಇವನನ್ನು ಬೀಳಿಸೋಕೆ ಎಷ್ಟು ಏಟು ಬೇಕು? ಇವನು ನಮ್ಮಿಂದ ಕಿತ್ತುಕೊಳ್ಳೋದು ಏನು, ಪ್ರಾಣವಾ, ಸಾಮಾನಾ? ಸತ್ತರೆ ಕೊಡೋದು ಏನು? ಉತ್ತರ ಹೊಂದದಿದ್ದರೆ ಕಾರ್ಡ್ ಮೇಲಿನ ನಂಬರನ್ನು ಪೆನ್ಸಿಲ್‌ನಲ್ಲಿ ತಿದ್ದಿಕೊಳ್ಳಿ. ಗೈಗ್ಯಾಕ್ಸ್ ಕೂಡ ತಾವೇ ಅಚ್ಚು ಹಾಕಿಸಿದ ನಿಯಮವನ್ನು ಮರುವರ್ಷವೇ ತಿದ್ದಿದ್ದರು.